ಕೋಳಿ ತಿನ್ನುವವನಿಗೆ ಕೋವಿ ಬೇಡವೆನ್ನುವ ಹಕ್ಕಿಲ್ಲವೇ?

ಶಿಕಾರಿಯ ಕಾಲ ಮುಗಿಯಿತು ಎಂದು ಕಾನೂನಿನ ಪುಸ್ತಕ ಹೇಳುತ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಪಡೆದು ಹೊಡೆಯಲು ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಬೇಟೆಯ ಮಾತು ಮಾತ್ರ ನಿಂತಿಲ್ಲ. ಮಲೆನಾಡಿನ ಮದುವೆ ಮನೆಯ ಜಗಲಿಯಿರಲಿ, ಕೊಡಗಿನ ತೋಟದ ಮನೆಯಿರಲಿ, ಹಳೇ ಮೈಸೂರಿನ ಹೊಸತೊಡಕಿನ ಮಧ್ಯಾಹ್ನವಿರಲಿ, ನಾಲ್ಕು ಜನ ಕೂತರೆ ಒಬ್ಬರಾದರೂ ಹಳೆಯ ಈಡಿನ ಕತೆ ತೆಗೆಯುತ್ತಾರೆ. ಕೇಳಲು ಚೆನ್ನಾಗಿಯೇ ಇರುತ್ತದೆ. ನಡುವೆ ಯಾರಾದರೂ 'ಮೋಜಿಗೆ ಪ್ರಾಣಿ ಕೊಲ್ಲುವುದು ತಪ್ಪಲ್ಲವೇ' ಎಂದು ಬಾಯಿಬಿಟ್ಟರೆ ಕತೆ ನಿಂತು ವಾದ ಶುರುವಾಗುತ್ತದೆ. ಆ ವಾದಗಳು ಎಲ್ಲರಿಗೂ ಬಾಯಿಪಾಠ. ಉತ್ತರ ಕೊಡುವವರು ಕಡಿಮೆ. ಹಾಗಾಗಿ ಈ ಬರಹ.

ನಾನು ಮಾಂಸಾಹಾರಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಎದುರಿನವರ ಮೊದಲ ಬಾಣ ಅಲ್ಲಿಗೇ ಬರುತ್ತದೆ.

'ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲುವ ನಿಮಗೆ ಶಿಕಾರಿ ಬೇಡ ಅನ್ನಲು ಏನು ಹಕ್ಕಿದೆ?' ಎಂಬುದು ಆ ಬಾಣ. ಹರಿತವಾಗಿಯೇ ಇದೆ. ಆದರೆ ಅದು ಎಲ್ಲಿ ನಾಟುತ್ತದೆ ಎಂದು ನೋಡಬೇಕು. ನಾನು ಮಾಡುವುದೂ ತಪ್ಪೆಂದೇ ಇಟ್ಟುಕೊಳ್ಳೋಣ. ಅದರಿಂದ ಸಾಬೀತಾಗುವುದು ತಪ್ಪು ಎರಡು ಎಂದು. ನನ್ನ ಮನೆಯಲ್ಲಿ ಕದ್ದ ಮಾಲು ಸಿಕ್ಕಿತೆಂದು ನಿಮ್ಮ ಮನೆಯದು ಸ್ವಂತದ್ದಾಗುವುದಿಲ್ಲ. ಈ ವಾದ ಶಿಕಾರಿಯನ್ನು ಎಲ್ಲಿಯೂ ಸಮರ್ಥಿಸಿಲ್ಲ, ನನ್ನ ಬಾಯಿ ಮುಚ್ಚಿಸಲು ನೋಡಿದೆ ಅಷ್ಟೆ.

ಇನ್ನು, ಎರಡೂ ಒಂದೇ ಎಂಬ ಮಾತು. ಕುರಿ ಕಡಿಯುವವನಿಗೆ ಅದು ದುಡಿಮೆ, ತಿನ್ನುವವನಿಗೆ ಊಟ. ಕೊಲ್ಲದೆಯೇ ಅದೇ ಮಾಂಸ, ಅದೇ ರುಚಿ, ಅದೇ ಬೆಲೆಗೆ ಸಿಗುವಂತಾದರೆ ಅಂಗಡಿಯವನಾಗಲಿ ಗಿರಾಕಿಯಾಗಲಿ ಕತ್ತಿಯ ನೆನಪಿನಲ್ಲಿ ಕೊರಗುವುದಿಲ್ಲ. ಈಗ ಶಿಕಾರಿಗೆ ಜೀಪು ಹತ್ತುತ್ತಿರುವವನಿಗೆ ಹೇಳಿ ನೋಡಿ: 'ಅಣ್ಣಾ, ಮೂರು ಕೆಜಿ ಮಟನ್ ನಾನೇ ತಂದುಕೊಡುತ್ತೇನೆ, ರಾತ್ರಿ ನಿದ್ದೆ ಕೆಡಬೇಡ, ಮನೆಯಲ್ಲೇ ಇರು.' ಅವನು ನಗುತ್ತಾನೆ. ನಗುವುದು ಸಹಜ, ಮಾಂಸಕ್ಕೆ ಅವನ ಬಳಿ ದುಡ್ಡಿಲ್ಲದೆ ಇಲ್ಲ. ಅವನಿಗೆ ಬೇಕಾದ್ದು ಹಳುವಿನೊಳಗಿಂದ ಪ್ರಾಣಿ ನುಗ್ಗಿ ಬರುವ ಆ ಕ್ಷಣ, ಅದು ಬೀಳುವುದು, ಬಿದ್ದದ್ದರ ಪಕ್ಕ ಒಂದು ಫೋಟೋ. ಸಾವು ಅಲ್ಲಿ ಊಟಕ್ಕೆ ದಾರಿಯಲ್ಲ, ಸಾವೇ ಮನರಂಜನೆ.

ಕೊಲ್ಲುವ ಕೈಗಿಂತ ಕೊಲ್ಲುವ ಮನಸ್ಸನ್ನು ವಿಚಾರಿಸಿಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ. 1209ರ ಸುಮಾರಿಗೆ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ದೊರೆ ಕಡಿಯುವುದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಹಿಟ್ಟು. ಆದರೂ ಬಲಿಯ ಸಂಕಲ್ಪ ಮಾಡಿ ಕತ್ತಿ ಎತ್ತಿದ್ದಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಸತ್ತು, ಕೊನೆಗೆ ನಿಜವಾದ ಕೋಳಿಗಳಾಗಿಯೂ ಸಾಯುತ್ತಾರೆ. ಕರ್ಮ, ಪುನರ್ಜನ್ಮ ಒಪ್ಪದವರೂ ಆ ಕಾವ್ಯ ಕೇಳುವ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು: ಕೊಲ್ಲುವಾಗ ನಿನಗೆ ಬೇಕಾಗಿದ್ದುದು ಏನು? ಊಟ ಬೇಕಿತ್ತು ಎನ್ನುವವನ ಉತ್ತರವೂ, ಮಜಾ ಬೇಕಿತ್ತು ಎನ್ನುವವನ ಉತ್ತರವೂ ಒಂದೇ ತೂಕದವಲ್ಲ. ಕರಾವಳಿಯ ಕೋಳಿ ಅಂಕದಲ್ಲಿ ಸತ್ತ ಹುಂಜವೂ ಕೊನೆಗೆ ಸಾರಾಗುತ್ತದೆ ನಿಜ. ಸಾರಿಗಾಗಿಯೇ ಕಾಲಿಗೆ ಬಾಳು ಕಟ್ಟಿದೆವು ಎಂದು ಅಂಕದ ಗದ್ದೆಯಲ್ಲಿ ನಿಂತ ಯಾರೂ ಹೇಳಲಾರರು.

ಹೀಗೆಂದು ಕೋಳಿಯ ಪ್ರಶ್ನೆಯನ್ನು ಕೊಡವಿಕೊಂಡು ಏಳಲಾಗದು. ಅದರ ಅರ್ಧ ಭಾಗ ನಿಜ. ಬ್ರಾಯ್ಲರ್ ಕೋಳಿ ಹುಟ್ಟಿದ ಸುಮಾರು ನಲವತ್ತು ದಿನಕ್ಕೆ ಎರಡು ಕೆಜಿ ತೂಗಿ ಅಂಗಡಿಗೆ ಬರುತ್ತದೆ. ಆ ಮೈಭಾರಕ್ಕೆ ಎಷ್ಟೋ ಕೋಳಿಗಳ ಕಾಲೇ ಸೋತಿರುತ್ತದೆ. ಮೊಟ್ಟೆ ಕೋಳಿಯ ಪಾಡು ಇನ್ನೂ ಕಷ್ಟ. ತಂತಿ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಸುಮಾರು 450 ಚದರ ಸೆಂಟಿಮೀಟರ್, ಜೆರಾಕ್ಸ್ ಅಂಗಡಿಯ ಎ-4 ಹಾಳೆಗಿಂತ ಚಿಕ್ಕದು. ಅದರಲ್ಲಿ ರೆಕ್ಕೆ ಬಿಚ್ಚುವ ಹಾಗಿಲ್ಲ. ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಈ ಪಂಜರಗಳ ಸಂಗತಿಯನ್ನೇ ಎತ್ತಿಕೊಂಡಿತ್ತು. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಒಂದು ಪ್ರಾಣಿಯನ್ನು ಇನ್ನೊಂದರ ಕಣ್ಣೆದುರು ಕಡಿಯುವಂತಿಲ್ಲ. ನಮ್ಮ ಬೀದಿಯ ಅಂಗಡಿಯಲ್ಲಿ ಕತ್ತಿಯಾಡುವುದು ಪಂಜರದ ಎದುರಿಗೇ. ಇದಕ್ಕೆ ತಿನ್ನುವ ನಾವೇ ಉತ್ತರ ಕೊಡಬೇಕು, ಸ್ವಲ್ಪ ಹೆಚ್ಚು ದುಡ್ಡು ಕೊಟ್ಟು, ಸ್ವಲ್ಪ ಕಡಿಮೆ ತಿಂದು, ಪಂಜರ ಬೇಡವೆಂದು ಕೇಳಿ. ಶಿಕಾರಿ ಮಿತ್ರರು ಈ ಮಾತನ್ನು ನಿಜವಾಗಿ ಕೋಳಿಯ ಮೇಲಿನ ಕರುಣೆಯಿಂದ ಎತ್ತುವುದಾದರೆ ಆ ಹೋರಾಟಕ್ಕೆ ಬರಲಿ. ಇಲ್ಲಿಯವರೆಗೆ ನನ್ನ ಕಣ್ಣಿಗೆ ಒಬ್ಬರೂ ಬಿದ್ದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ, ಶುದ್ಧ ಸಸ್ಯಾಹಾರಿಗಳು, ತಲೆಯಾಡಿಸುತ್ತಾರೆ: 'ನೋಡಿ, ಅದಕ್ಕೇ ಹೇಳುವುದು, ಕೊಲೆ ಎಲ್ಲಾ ಕೊಲೆಯೇ. ಊಟಕ್ಕಾದರೇನು, ಆಟಕ್ಕಾದರೇನು?' ಪ್ರಾಣಿಯ ಮಟ್ಟಿಗೆ ಸಾವು ಸಾವೇ, ಒಪ್ಪಿದೆ. ಆದರೆ ಕೊಲ್ಲುವವನ ನಡತೆಯನ್ನು ಅಳೆಯುವಾಗ ಉದ್ದೇಶವನ್ನು ಬಿಟ್ಟು ಅಳೆಯುವ ನ್ಯಾಯ ಯಾವ ಊರಲ್ಲೂ ಇಲ್ಲ. ಅಲ್ಲದೆ ಹಾಲಿನ ಲೋಟದ ಹಿಂದೆ ಒಂದು ಗಂಡುಕರು ಇರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಹೂಡಲು ಬೇಡವಾದ ಆ ಕರು ಎಲ್ಲಿಗೆ ಹೋಯಿತೆಂದು ಡೇರಿಗೆ ಹಾಲು ಹಾಕುವ ಮನೆಯವರನ್ನು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಅನ್ನದ ತಟ್ಟೆಯ ಹಿಂದೆ ಇಲಿ ಪಾಷಾಣ ಇದೆ, ಬೇಲಿಗೆ ಹರಿಸಿದ ಕರೆಂಟು ಇದೆ. ರಕ್ತದ ಹನಿಯೂ ಇಲ್ಲದ ತಟ್ಟೆ ಯಾರ ಮುಂದೆಯೂ ಇಲ್ಲ. ಊಟಕ್ಕೆ ಜಾತಿ ಅಂಟಿಕೊಂಡಿರುವ ಈ ನಾಡಿನಲ್ಲಿ 'ಕೊಲೆ' ಎಂಬ ಮಾತು ಶಿಕಾರಿಯ ದೊಡ್ಡ ಮನೆಗೆ ತಗಲುವುದಕ್ಕಿಂತ ಮೊದಲು ಹಿತ್ತಲಲ್ಲಿ ನಾಲ್ಕು ನಾಟಿಕೋಳಿ ಸಾಕಿಕೊಂಡ ಬಡವಿಗೆ ತಗಲುತ್ತದೆ. ಸಸ್ಯಾಹಾರಿಯ ಸಂಯಮವನ್ನು ಗೌರವಿಸುತ್ತೇನೆ. ಅದನ್ನು ಹಿಡಿದು ಇನ್ನೊಬ್ಬರ ಒಲೆಯ ಮೇಲಿನ ಮಡಕೆ ಇಣುಕುವುದನ್ನು ಗೌರವಿಸಲಾರೆ.

ಶಿಕಾರಿಯವರಲ್ಲಿ ಸ್ವಲ್ಪ ಓದಿದವರು ಇನ್ನೂ ಸೂಕ್ಷ್ಮವಾದ ಮಾತು ಆಡುತ್ತಾರೆ. ಪಂಜರದ ಕೋಳಿಗಿಂತ ಕಾಡಿನ ಹಂದಿ ಪುಣ್ಯವಂತ ಪ್ರಾಣಿ, ಬದುಕಿದಷ್ಟು ದಿನ ಸ್ವತಂತ್ರವಾಗಿ ಬದುಕುತ್ತದೆ, ಒಂದು ದಿನ ಒಂದೇ ಗುಂಡಿಗೆ ಗೊತ್ತೇ ಆಗದಂತೆ ಸಾಯುತ್ತದೆ ಎಂದು. ಮೊದಲ ಅರ್ಧ ಸರಿ. ಎರಡನೆಯದು ಜಗಲಿಯ ಕತೆ. ಆ ಕತೆಗಳಲ್ಲಿ ಈಡು ತಪ್ಪುವುದು ಯಾವಾಗಲೂ ಪಕ್ಕದವನದು. ಕತ್ತಲಲ್ಲಿ ಹಣೆಗೆ ಲೈಟು ಕಟ್ಟಿಕೊಂಡು, ಹೊಳೆಯುವ ಕಣ್ಣು ನೋಡಿ ಚರೆ ತುಂಬಿದ ತೋಟೆ ಹಾರಿಸಿದರೆ ಗುಂಡಿಗೆಗೇ ಬೀಳಬೇಕೆಂಬ ನಿಯಮವೇನೂ ಇಲ್ಲ. ಹೊಟ್ಟೆಗೆ ಬಿದ್ದದ್ದು, ದವಡೆ ಒಡೆದದ್ದು, ಹಿಂಗಾಲು ಮುರಿದದ್ದು ಹಳು ಸೇರುತ್ತವೆ. ಬೆಳಿಗ್ಗೆ ನಾಯಿ ಬಿಟ್ಟು ಹುಡುಕಿದರೂ ಎಷ್ಟೋ ಸಿಗುವುದಿಲ್ಲ. ಜಿಂಬಾಬ್ವೆಯಲ್ಲಿ 2015ರ ಜುಲೈನಲ್ಲಿ ಸೆಸಿಲ್ ಎಂಬ ಸಿಂಹವನ್ನು ಹೊಡೆದವನು ಸುಮಾರು 50 ಸಾವಿರ ಡಾಲರ್ ತೆತ್ತು, ಅನುಭವಿ ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು ಹೋದವನು. ಆದರೂ ಮೊದಲ ಬಾಣ ತಗುಲಿದ ಮೇಲೆ ಆ ಸಿಂಹ ಗಂಟೆಗಟ್ಟಲೆ ಜೀವ ಹಿಡಿದಿತ್ತು. ಕಸಾಯಿಖಾನೆಯ ಅದೇ 2001ರ ನಿಯಮಗಳು ಗಬ್ಬದ ಪ್ರಾಣಿಯನ್ನು ಕಡಿಯಬಾರದು, ಮೂರು ತಿಂಗಳೊಳಗಿನ ಮರಿ ಇರುವ ತಾಯಿಯನ್ನು ಕಡಿಯಬಾರದು ಎನ್ನುತ್ತವೆ. ನಿಯಮ ಎಲ್ಲ ಕಡೆ ಪಾಲನೆಯಾಗುವುದಿಲ್ಲ ಎಂಬುದು ಬೇರೆ ಮಾತು, ಕೇಳಲು ಒಬ್ಬ ಡಾಕ್ಟರಾದರೂ ಇರಬೇಕೆಂದು ಬರೆದಿದೆ. ರಾತ್ರಿ ಲೈಟಿಗೆ ಸಿಕ್ಕ ಹೆಣ್ಣುಹಂದಿಯ ಹೊಟ್ಟೆ ನೋಡಿ ಕೋವಿ ಇಳಿಸುವವರು ಯಾರು?

ಕೋವಿಯ ಮಾತಾಯಿತು. ಈಗ ಬೇಟೆ ಹೆಚ್ಚು ನಡೆಯುತ್ತಿರುವುದು ಸದ್ದಿಲ್ಲದ ಉರುಳಿನಿಂದ. ಹಳೆಯ ಬೈಕಿನ ಕ್ಲಚ್ ವೈರು ಒಂದು ಮಾರು ಸಾಕು. ಹಂದಿ ನುಗ್ಗಿ ನುಗ್ಗಿ ಬೇಲಿಯಡಿ ಆದ ಗಂಡಿಯಲ್ಲಿ, ಅದರ ತಲೆಯ ಎತ್ತರಕ್ಕೆ ಕುಣಿಕೆ ಬಿಟ್ಟು, ಇನ್ನೊಂದು ತುದಿಯನ್ನು ಗೂಟಕ್ಕೋ ಕಾಫಿ ಬುಡಕ್ಕೋ ಬಿಗಿಯುತ್ತಾರೆ. ಎಳೆದಷ್ಟೂ ಬಿಗಿಯಾಗುವುದು ಅದರ ಗುಣ. ಸಿಕ್ಕಿದ ಪ್ರಾಣಿ ರಾತ್ರಿಯಿಡೀ ಎಳೆಯುತ್ತದೆ, ಸುತ್ತಿನ ಮಣ್ಣೆಲ್ಲ ಕಾಲಲ್ಲಿ ಉತ್ತು ಹಾಕಿರುತ್ತದೆ, ವೈರು ಚರ್ಮ ದಾಟಿ ಒಳಗಿಳಿದಿರುತ್ತದೆ. ಸಿಕ್ಕಿದ್ದು ಹಂದಿಯೇ ಆಗಬೇಕೆಂದಿಲ್ಲ. ಸೊಂಟಕ್ಕೆ ಉರುಳು ಬಿದ್ದ ಚಿರತೆ, ಕಾಲು ಸಿಕ್ಕಿಕೊಂಡ ಹುಲಿ ಎಂದು ಕಾಫಿ ಸೀಮೆಯಿಂದ ಸುದ್ದಿ ಬರುತ್ತಲೇ ಇರುತ್ತದೆ. ಇನ್ನು ಸಿಡಿಮದ್ದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಿ ಸಿಡಿದ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತಲ್ಲ, ಆ ಮದ್ದು ಇಟ್ಟಿದ್ದು ಹಂದಿಗೆಂದೇ ಎನ್ನಲಾಯಿತು. ಮೇಯಲು ಹೋದ ದನ ಬಾಯಿ ಒಡೆದುಕೊಂಡು ಬರುವುದು ನಮ್ಮ ಕಡೆಯೂ ಉಂಟು.

'ನಮ್ಮದು ಸಂಪ್ರದಾಯ' ಎಂಬುದು ಮುಂದಿನ ಮಾತು. ಕೊಡಗಿನವರು ಇದನ್ನು ಹೇಳುವಾಗ ಗೌರವದಿಂದ ಕೇಳಬೇಕು, ಅಲ್ಲಿ ಕೋವಿ ನಿಜಕ್ಕೂ ಮನೆಯ ದೇವರ ಜೊತೆಗಿದೆ. ಆದರೆ ಲೈಸೆನ್ಸಿನಿಂದ ಅವರಿಗಿರುವ ವಿನಾಯಿತಿಯನ್ನು ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ, ಹಾರಿಸಿ ಕೊಲ್ಲಲು ಅಲ್ಲ. ಸಂಪ್ರದಾಯವನ್ನು ಕೊಡವರೇ ಎಷ್ಟು ಜಾಣತನದಿಂದ ತಿದ್ದಿಕೊಂಡಿದ್ದಾರೆ ನೋಡಿ. ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ 'ನರಿ ಮಂಗಲ' ಮಾಡುವ ಪದ್ಧತಿ ಒಂದು ಕಾಲಕ್ಕೆ ಅಲ್ಲಿತ್ತು. ಅದು ನಿಂತಿತು, ಕೊಡವ ಸಂಸ್ಕೃತಿ ನಿಲ್ಲಲಿಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ಈಗ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಡುಬುಟ್ಟಿನ ಜೊತೆಗಿನ ಪಂದಿ ಕರಿಗೆ ಸಾಕಿದ ಹಂದಿ ಬರುತ್ತದೆ, ಕಾಚಂಪುಳಿ ಹುಳಿ ಎಂದಿನಷ್ಟೇ ಇರುತ್ತದೆ.

ಸಂಪ್ರದಾಯದ ಮಾತನ್ನು ಆಡುವ ಹಕ್ಕು ನಿಜವಾಗಿ ಇರುವವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥವರು. ಅವರಿಗೆ ಕಾಡಿನ ಮಾಂಸ ಊಟವಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಜೇನು, ನೆಲ್ಲಿ, ಗೆಡ್ಡೆಯ ಹಕ್ಕು ಕೊಟ್ಟು, ಬೇಟೆಯ ಹಕ್ಕನ್ನು ಸ್ಪಷ್ಟ ಮಾತಿನಲ್ಲಿ ಹೊರಗಿಟ್ಟಿತು. ಹಸಿವಿಗೆ ಹೊಡೆಯುತ್ತಿದ್ದವನ ಕೈಕಟ್ಟಿದ ಮೇಲೆ ಬೆಂಗಳೂರಿನಿಂದ ಶನಿವಾರ ಕಾರಿನಲ್ಲಿ ಬರುವವನು ಸಂಪ್ರದಾಯ ಅನ್ನಲು ಅರ್ಹತೆ ಎಲ್ಲಿಂದ ಬಂತು? ಮಲೆನಾಡಿನ ಹಳೆಯ ಬೇಟೆಗೆ ಅದರದ್ದೇ ಕಟ್ಟುಪಾಡು ಇತ್ತು. ಊರೇ ಹೋಗುತ್ತಿತ್ತು, ಹಳು ನುಗ್ಗಿದವನಿಗೂ ಪಾಲು, ಬಿಲ್ಲಿಗೆ ಕೂತವನಿಗೂ ಪಾಲು, ನಾಯಿಗೂ ಪಾಲು. ಈಗ ನಾಲ್ಕು ಜನ, ಒಂದು ಜೀಪು, ಫ್ರೀಜರ್.

'ಹುಲಿ ಕೊಲ್ಲುವುದಿಲ್ಲವೇ' ಎಂಬ ವಾದವೂ ಒಂದಿದೆ. ಹುಲಿಗೆ ಅಂಗಡಿ ಇಲ್ಲ. ಅಲ್ಲದೆ ನಾಗರಹೊಳೆಯಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕದಲ್ಲಿ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಪ್ರಾಣಿ ಬೇಕು. ಜಿಂಕೆ, ಕಡವೆ, ಹಂದಿ ನಾವು ಹೊತ್ತುಕೊಂಡು ಬಂದರೆ ಅದು ಕೊಟ್ಟಿಗೆಗೆ ಬರುತ್ತದೆ. ಆಮೇಲೆ ಅದಕ್ಕೂ ಕೋವಿ ಬೇಕು ಎನ್ನುತ್ತೇವೆ.

ಶಿಕಾರಿಯವರೇ ಕಾಡು ಉಳಿಸಿದವರು ಎಂಬ ವಾದಕ್ಕೆ ಅಮೆರಿಕದ ಉದಾಹರಣೆ ಬರುತ್ತದೆ. 1937ರ ಕಾಯ್ದೆಯಂತೆ ಅಲ್ಲಿ ಬೇಟೆಯ ಬಂದೂಕಿನ ಮೇಲೆ ಹಾಕಿದ ಶೇ. 11ರ ಸುಂಕ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ, ಅದು ಸುಳ್ಳಲ್ಲ. ನಮೀಬಿಯಾ ಬೇಟೆಯ ದುಡ್ಡಿನಿಂದ ಹಳ್ಳಿ ನಡೆಸುತ್ತದೆ, ಕೆನ್ಯಾ 1977ರಲ್ಲೇ ಮೋಜಿನ ಬೇಟೆ ನಿಲ್ಲಿಸಿ ನೋಡಲು ಬರುವವರ ದುಡ್ಡಿನಿಂದ ನಡೆಸುತ್ತದೆ. ಅವರವರ ಲೆಕ್ಕ ಅವರಿಗೆ. ಆದರೆ ನಮ್ಮಲ್ಲಿ ಈ ಪ್ರಯೋಗ ಆಗಿಹೋಗಿದೆ, ಫಲಿತಾಂಶವೂ ಗೊತ್ತಿದೆ. ಸರ್ಗುಜಾದ ಮಹಾರಾಜ ಒಬ್ಬರೇ ಸಾವಿರಕ್ಕೂ ಹೆಚ್ಚು ಹುಲಿ ಹೊಡೆದರು. ದೇಶದ ಕೊನೆಯ ಮೂರು ಚೀತಾಗಳನ್ನು 1947ರಲ್ಲಿ ಕೊರಿಯಾ ಸಂಸ್ಥಾನದ ರಾಜರು ಹೊಡೆದರೆಂಬುದು ದಾಖಲೆ. ಮೈಸೂರಿನಲ್ಲಿಯೇ ವ್ಯಾನ್ ಇಂಗೆನ್ ಮನೆತನದ ಕಾರ್ಖಾನೆ ಇತ್ತು. ಕಾಗದದ ಮುದ್ದೆಯ ಅಚ್ಚಿಗೆ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂರಿಸಿ, ಬಾಯಿ ತೆರೆಸಿ ಹುಲಿಯನ್ನು ಗರ್ಜಿಸುವಂತೆ ನಿಲ್ಲಿಸುತ್ತಿದ್ದರು. 1999ರಲ್ಲಿ ಮುಚ್ಚುವ ಹೊತ್ತಿಗೆ ಹುಲಿ, ಚಿರತೆ ಸೇರಿ ನಲವತ್ತು ಸಾವಿರಕ್ಕೂ ಹೆಚ್ಚು ಅಲ್ಲಿಂದ ಹೊರಬಿದ್ದಿದ್ದವು. ಗೋಡೆಗೆ ಇಷ್ಟೊಂದು ಹೋದ ಮೇಲೆ 1972ರ ಗಣತಿಯಲ್ಲಿ ದೇಶದ ಕಾಡುಗಳಿಗೆ ಉಳಿದಿದ್ದ ಹುಲಿ 1,827. ಕೋವಿ ನಿಂತು, ಕಾಡಿಗೆ ಕಾವಲು ಬಂದ ಮೇಲೆ, 2022ರ ಗಣತಿಯಲ್ಲಿ 3,682. ಕರ್ನಾಟಕದ ಪಾಲು 563.

ಬಂಡೀಪುರ ಮಹಾರಾಜರ ಬೇಟೆಯ ಕಾಡಾಗಿದ್ದರಿಂದಲೇ ಉಳಿಯಿತಲ್ಲ ಎಂದು ಕೇಳುತ್ತಾರೆ. ಉಳಿಯಿತು ನಿಜ. ಉಳಿಸಿದ್ದು ಬೇರೆಯವರನ್ನು ಒಳಗೆ ಬಿಡದ ಕಾವಲು. ಇನ್ನು ಕೆನೆತ್ ಆಂಡರ್ಸನ್ ಬೇಟೆಗಳನ್ನು ತೇಜಸ್ವಿಯವರ 'ಕಾಡಿನ ಕತೆಗಳು' ಮಾಲೆಯಲ್ಲಿ ಓದಿ ಬೆಳೆದವರಿಗೆ ಒಂದು ಮಾತು: ಅಲ್ಲಿ ಕೋವಿ ಎತ್ತುವುದು ಜನ ಸಾಯುತ್ತಿರುವ ಊರಿನವರು ಬಂದು ಕರೆದಾಗ. ಅದನ್ನು ಓದಿ ಮೊಲಕ್ಕೆ ಲೈಟು ಹಾಕಲು ಹೊರಡುವುದು ಓದುಗನ ತಪ್ಪು, ಪುಸ್ತಕದ್ದಲ್ಲ.

ಕೊನೆಗೆ ಉಳಿಯುವುದು ಗದ್ದೆ. ಇದೊಂದು ವಾದಕ್ಕೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ತೆನೆ ಹಾಲು ಕಟ್ಟುವ ಹೊತ್ತಿಗೆ ಹಂದಿ ಹಿಂಡು ಒಂದು ರಾತ್ರಿ ಇಳಿದರೆ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಜೋಳ, ಶುಂಠಿ, ಗೆಣಸಿನ ಹೊಲವಾದರೆ ಬೆಳಿಗ್ಗೆ ಹೂಟಿ ಮಾಡಿದಂತೆ ಕಾಣುತ್ತದೆ. ಪರಿಹಾರದ ದುಡ್ಡು ಬರುವ ಹೊತ್ತಿಗೆ ಮುಂದಿನ ಬಿತ್ತನೆ ಮುಗಿದಿರುತ್ತದೆ. ಪಟ್ಟಣದ ಪ್ರಾಣಿಪ್ರಿಯರು ಈ ರೈತನಿಗೆ ಅಹಿಂಸೆ ಬೋಧಿಸುವುದು ಅವಿವೇಕ. ಬೆಳೆ ಉಳಿಸಿಕೊಳ್ಳಲು ಹಂದಿ ಹೊಡೆಯುವುದನ್ನು ನಾನು ಮೋಜಿನ ಬೇಟೆಯ ಸಾಲಿಗೆ ಸೇರಿಸುವುದಿಲ್ಲ.

ಕಾನೂನೂ ಸೇರಿಸುವುದಿಲ್ಲ. ನಿಂತ ಬೆಳೆ ಹಾಳುಮಾಡುವ ಪ್ರಾಣಿಯನ್ನು ಹೊಡೆಯಲು, ಅದು ಒಂದನೇ ಅನುಸೂಚಿಯಲ್ಲಿ ಇರದಿದ್ದರೆ, ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಲಿಖಿತ ಅಪ್ಪಣೆಗೆ ದಾರಿ ಇದೆ. ಬಿಹಾರದಲ್ಲಿ ಕೇಂದ್ರವೇ ನೀಲಗಾಯ್ ಮತ್ತು ಹಂದಿಯನ್ನು ಪೀಡಕ ಪ್ರಾಣಿಗಳೆಂದು ಘೋಷಿಸಿದ ಮೇಲೆ 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯ್‌ಗಳು ಗುಂಡೇಟಿಗೆ ಬಲಿಯಾದವು. ಇಬ್ಬರು ಕೇಂದ್ರ ಮಂತ್ರಿಗಳು ಅದರ ಬಗ್ಗೆ ಬಹಿರಂಗವಾಗಿಯೇ ಜಗಳವಾಡಿದರು. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಅಲ್ಲಿನ ಷರತ್ತುಗಳನ್ನು ನಮ್ಮವರು ಗಮನಿಸಬೇಕು. ವಿಷ, ಕರೆಂಟು, ಸಿಡಿಮದ್ದು ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ.

ಈ ಕೊನೆಯ ಷರತ್ತಿಗೆ ಶಿಕಾರಿಯವರು ಸಿಡುಕುತ್ತಾರೆ: 'ಕೊಂದ ಮೇಲೆ ಮಣ್ಣಿಗೆ ಹಾಕುವುದು ಯಾವ ಧರ್ಮ? ತಿಂದರೆ ಆ ಜೀವಕ್ಕಾದರೂ ಒಂದು ಬೆಲೆ ಬರುವುದಿಲ್ಲವೇ?' ನ್ಯಾಯವಾದ ಪ್ರಶ್ನೆ, ನನ್ನನ್ನೂ ಕಾಡಿದೆ. ಹಸಿದವರಿರುವ ದೇಶದಲ್ಲಿ ಮಾಂಸ ಹೂಳುವುದು ನೋಡಲು ಚೆಂದವಲ್ಲ. ಆದರೂ ನಾನು ಹೂಳುವವರ ಕಡೆಯೇ. ಕಾಡುಹಂದಿಯ ಮಾಂಸಕ್ಕೆ ಗಿರಾಕಿ ಇದ್ದಾನೆ, ಕಳ್ಳ ಬೆಲೆ ಇದೆ. ತಿನ್ನಬಹುದು ಎಂದ ಮರುದಿನದಿಂದ ಗದ್ದೆಯ ದಾರಿಗೇ ಬಾರದ ಹಂದಿಯೂ ಬೆಳೆ ಹಾಳುಮಾಡಿದ ಹಂದಿಯಾಗುತ್ತದೆ. ಕಡವೆಯ ತೊಡೆಯೂ ಹಂದಿ ಮಾಂಸವೆಂದೇ ಚೀಲ ಸೇರುತ್ತದೆ. ಮಸಾಲೆ ಬಿದ್ದ ಮೇಲೆ ಗಾರ್ಡು ಬಂದು ಪತ್ತೆ ಮಾಡುವುದು ಹೇಗೆ?

ಆದ್ದರಿಂದ ಶಿಕಾರಿ ಮಿತ್ರರಿಗೆ ನನ್ನದೊಂದು ಸಲಹೆ. ರೈತರ ಹೆಸರಿನಲ್ಲಿ ವಾದ ಮಾಡುವ ನೀವು ಕೇರಳದಂಥ ನಿಯಮ ಇಲ್ಲೂ ಬರಲಿ ಎಂದು ಸರ್ಕಾರವನ್ನು ಕೇಳಿ. ಬಂದರೆ ನಿಮ್ಮ ಪಂಚಾಯಿತಿಯಲ್ಲಿ ಹೆಸರು ಬರೆಸಿ. ಮಳೆಯಲ್ಲಿ, ಜಿಗಣೆ ಹತ್ತಿಸಿಕೊಂಡು, ಬಡವನ ಗದ್ದೆಯ ಅಂಚಿನ ಅಟ್ಟಣೆಯಲ್ಲಿ ರಾತ್ರಿ ಕಳೆಯಿರಿ. ಮಾಂಸದ ಪಾಲಿಲ್ಲ, ಫೋಟೋ ಇಲ್ಲ, ಬೆಳಿಗ್ಗೆ ಗುಂಡಿ ತೋಡಿ ಹೂಳುವ ಕೆಲಸವೂ ನಿಮ್ಮದೇ. ಇಷ್ಟಕ್ಕೆ ಒಪ್ಪಿ ಬರುವ ಈಡುಗಾರರಿದ್ದರೆ ಅವರ ಕೋವಿಗೆ ನನ್ನ ವಿರೋಧವಿಲ್ಲ.